ಅಡಿಕೆ ಡ್ರೈಯರ್ ಒಲೆಗೆ ಯಾವ ಪೈಪು: ಎರಡು ಸುಗ್ಗಿಯ ಹೋಲಿಕೆ

ತೀರ್ಥಹಳ್ಳಿ ಕಡೆ ಕೊನೆ ಕೊಯ್ಲಿನ ಹೊತ್ತಿಗೂ ಮೋಡ ಬಿಡದಿರುವುದರಿಂದ, ಬೇಯಿಸಿದ ಅಡಿಕೆಯನ್ನು ಅಂಗಳದ ಬಿಸಿಲಿಗೇ ಒಪ್ಪಿಸಿ ಕೂರದೆ ಸೌದೆ ಒಲೆಯ ಡ್ರೈಯರ್ ಹಾಕಿಸಿಕೊಳ್ಳುವವರಿದ್ದಾರೆ. ಶಿವಮೊಗ್ಗದಲ್ಲಿ ಅಂಥ ಡ್ರೈಯರ್ ಕಟ್ಟಿಕೊಡುವ ನನಗೆ ಬರುವ ದೂರು ಬಹುಪಾಲು ಒಂದೇ: ಬೆಂಕಿಯ ಬಾಯಿಗೆ ಎದುರಾಗಿರುವ ಪೈಪು ತೂತಾಗಿ, ಹೊಗೆ ಅಡಿಕೆಗೆ ನುಗ್ಗುತ್ತದೆ. ಆದ್ದರಿಂದ ಪರಿಚಿತ ಬೆಳೆಗಾರರೊಬ್ಬರ ಒಲೆಯಲ್ಲಿ ನಾಲ್ಕು ಬಗೆಯ ತುಂಡುಗಳನ್ನು ಅಕ್ಕಪಕ್ಕ ಕೂರಿಸಿ ಎರಡು ಸುಗ್ಗಿ ನೋಡಿದೆ.

ಲೇಪನವಿಲ್ಲದ ಮೈಲ್ಡ್ ಸ್ಟೀಲ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಸುಮಾರು 570 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಬ್ಬಿಣದ ಮೇಲೆ ವುಸ್ಟೈಟ್ ಎಂಬ ಆಕ್ಸೈಡ್ ಬೆಳೆಯತೊಡಗುತ್ತದೆ. ಅದರ ಹರಳಿನಲ್ಲಿ ಕಬ್ಬಿಣದ ಎಡೆಗಳು ಸಾಕಷ್ಟು ಖಾಲಿ ಇರುವುದರಿಂದ ಲೋಹ ಸಲೀಸಾಗಿ ಹೊರಕ್ಕೆ ಸಾಗಿ, ಕಿಟ್ಟ ದಪ್ಪವಾಗುತ್ತಲೇ ಹೋಗುತ್ತದೆ. ಮೊದಲ ಸುಗ್ಗಿ ಮುಗಿಯುವಾಗ ಸುತ್ತಿಗೆ ತಾಗಿಸಿದರೆ ಹಾಳೆಹಾಳೆಯಾಗಿ ಉದುರಿತು.

304 ದರ್ಜೆಯ ಸ್ಟೇನ್‌ಲೆಸ್ ಮೇಲೆ ನನಗೆ ಭರವಸೆ ಹೆಚ್ಚಿತ್ತು, ಬೆಲೆಯೂ ಹೆಚ್ಚೇ. ಆದರೆ ಸೌದೆಯ ಜೊತೆ ಅಡಿಕೆ ಸಿಪ್ಪೆಯನ್ನೂ ಉರಿಸುವ ನಮ್ಮ ಒಲೆಗಳ ಬೂದಿಯಲ್ಲಿ ಪೊಟ್ಯಾಶ್ ಧಾರಾಳ. ಅದು ಸ್ಟೇನ್‌ಲೆಸ್ಸನ್ನು ಕಾಯುವ ಕ್ರೋಮಿಯಂ ಆಕ್ಸೈಡಿನೊಡನೆ ಸೇರಿ ಪೊಟ್ಯಾಸಿಯಂ ಕ್ರೋಮೇಟ್ ಆಗುವುದರಿಂದ ಕಾವಲಿನ ಪದರವೇ ಸವೆಯುತ್ತದೆ. ಬೂದಿ ಕೂತ ಕಡೆಯಲ್ಲೆಲ್ಲ ಕಂದು ಕಲೆಗಳೆದ್ದು, ಕೆಳಗೆ ಉಗುರಿಗೆ ಸಿಗುವಷ್ಟು ಗುಳಿಗಳಾಗಿದ್ದವು.

ಮೂರನೆಯದು ಕರಗಿದ ಅಲ್ಯೂಮಿನಿಯಂನಲ್ಲಿ ಅದ್ದಿ ತೆಗೆದ ಪೈಪು. ನೋಡುವುದಕ್ಕೆ ಬೆಳ್ಳಿಯಂತಿದ್ದ ಇದನ್ನು ಬೆಳೆಗಾರರು ಮೊದಲ ದಿನವೇ ಮೆಚ್ಚಿಕೊಂಡರು. ಕೊಯ್ದ ಅಂಚನ್ನು ನುಣುಪು ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲ್ಯೂಮಿನಿಯಂ ಮತ್ತು ಉಕ್ಕಿನ ನಡುವೆ ಹುಟ್ಟಿದ ಅಂತರಲೋಹ ಪದರ ನಾಲಗೆ ಚಾಚಿದಂತೆ ಉಕ್ಕಿನೊಳಕ್ಕೆ ಇಳಿದಿತ್ತು. ಎರಡು ಕಬ್ಬಿಣಕ್ಕೆ ಐದು ಅಲ್ಯೂಮಿನಿಯಂ ಪರಮಾಣು ಸೇರಿದ ಈ ಸಂಯುಕ್ತ ಬಹಳ ಪೆಡಸು. ದಿನವೂ ಕಾದು ಆರುವ ಒಲೆಯಲ್ಲಿ ಅದಕ್ಕೆ ಕೂದಲೆಳೆಯ ಬಿರುಕುಗಳು ಬಿದ್ದು, ಎರಡನೆಯ ಸುಗ್ಗಿಗೆ ಅವುಗಳಿಂದ ಕೆಂಪು ತುಕ್ಕು ಇಣುಕಿತು. ಆದರೂ ಬರಿಯ ಉಕ್ಕಿಗಿಂತ ಎಷ್ಟೋ ಮೇಲು.

ಕೊನೆಯದನ್ನು ಪೆಟ್ಟಿಗೆಯಲ್ಲಿಟ್ಟು ಬೇಯಿಸಿದ್ದು. ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿ, ಅದರಲ್ಲಿ ಬೇಕೆಂದೇ ಮಿತವಾಗಿ ಬೆರೆಸಿದ ಅಲ್ಯೂಮಿನಿಯಂ ಪುಡಿ, ಜೊತೆಗೆ ಒಂದಿಷ್ಟು ನವಸಾಗರ (ಕಲಾಯಿಯವರು ಪಾತ್ರೆಗೆ ಉಜ್ಜುವ ಅದೇ ಉಪ್ಪು) ತುಂಬಿ, ತುಂಡನ್ನು ನಡುವೆ ಹುದುಗಿಸಿ, ಮುಚ್ಚಳಕ್ಕೆ ಬೆಂಕಿಮಣ್ಣು ಮೆತ್ತಿ, 900 ಡಿಗ್ರಿಯಲ್ಲಿ ಆರು ತಾಸು ಕುಲುಮೆಯಲ್ಲಿಟ್ಟೆ. ನವಸಾಗರದಿಂದ ಹುಟ್ಟುವ ಕ್ಲೋರೈಡ್ ಆವಿ ಅಲ್ಯೂಮಿನಿಯಂ ಹೊತ್ತು ಉಕ್ಕಿಗೆ ತಲುಪಿಸುತ್ತದೆ. ಅದು ಒಳಕ್ಕೆ ನಿಧಾನವಾಗಿ ಇಳಿದು, ಕಬ್ಬಿಣದ ಪಾಲು ಹೆಚ್ಚಿರುವ, ಅಷ್ಟು ಪೆಡಸಲ್ಲದ ಅಂತರಲೋಹವಾಗುತ್ತದೆ. ಹೊಗೆ ಕೆಟ್ಟದ್ದು, ಬಯಲಿನಲ್ಲೇ ಮಾಡಬೇಕು. ಹೊರಬಂದ ತುಂಡು ಮಾಸಲು ಬೂದುಬಣ್ಣದ್ದು, ಯಾರೂ ಮೆಚ್ಚಲಿಲ್ಲ. ಎರಡು ಸುಗ್ಗಿಯ ಬಳಿಕ ಬೂದಿ ಒರೆಸಿದರೆ ಅದೇ ಬೂದುಬಣ್ಣ, ತೆಳುವಾದ ಅಲ್ಯೂಮಿನಾ ಹೊದಿಕೆ, ಹಕ್ಕಳೆ ಎದ್ದಿರಲಿಲ್ಲ. ನಡುವಿನ ಮಳೆಗಾಲದಲ್ಲಿ ಬೂದಿಯ ಉಪ್ಪು ತೇವ ಹೀರಿ ಪಕ್ಕದ ಮೈಲ್ಡ್ ಸ್ಟೀಲನ್ನು ತಿನ್ನುತ್ತಿದ್ದಾಗಲೂ ಇದಕ್ಕೆ ಏನೂ ಆಗಲಿಲ್ಲ.

ತಪ್ಪಿದ್ದು ನನ್ನದೇ ಕೈ. ಲೇಪನ ಮಾಡಿದ ಮೇಲೆ ಚಾಚುಪಟ್ಟಿಯನ್ನು (ಬೋಲ್ಟ್ ಹಾಕುವ ಫ್ಲೇಂಜ್) ಬೆಸುಗೆ ಹಾಕಿದ್ದರಿಂದ ಆ ಗೆರೆಯುದ್ದಕ್ಕೂ ಲೇಪನ ಸುಟ್ಟು, ಅಲ್ಲಿ ಮಾತ್ರ ಬೆರಳಗಲ ತುಕ್ಕು ಹಿಡಿಯಿತು. ಹಾಗಾಗಿ ಈಗ ಬೆಸುಗೆಯನ್ನೆಲ್ಲ ಮುಗಿಸಿದ ಮೇಲೆಯೇ ತುಂಡನ್ನು ಪೆಟ್ಟಿಗೆಗೆ ಇಡುತ್ತೇನೆ. ನನ್ನ ಪೆಟ್ಟಿಗೆಯಲ್ಲಿ ಎರಡು ಅಡಿಗಿಂತ ಉದ್ದದ್ದು ಹಿಡಿಯದ್ದರಿಂದ, ಬೆಂಕಿಯ ಬಾಯಿಗೆ ಎದುರಾದ ಎರಡು ಅಡಿಗೆ ಮಾತ್ರ ಇದನ್ನು ಹಾಕಿ, ಆಚೆಯ ಸಾದಾ ಪೈಪಿಗೆ ಬೋಲ್ಟ್‌ನಿಂದ ಬಿಗಿಯುತ್ತೇನೆ.