ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದೆ, ಕಾರು ಎತ್ತಿನ ಗಾಡಿ ಆಯ್ತು: 22,000 ಕಿಲೋಮೀಟರ್ ಓಡಿಸಿದ ಮೇಲೆ ಬರೆದದ್ದು

ನನ್ನ ಕಾರಿನ ಸಸ್ಪೆನ್ಷನ್, ಅಂದರೆ ರಸ್ತೆಯ ಕುಲುಕು ನುಂಗೋ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎಲ್ಲಾ, ಹೇಗಿದೆ ಅಂತ ತಿಳಿಯೋಕೆ ಹಾಲಿನ ಕ್ಯಾನು ನೋಡಿದರೆ ಸಾಕು. ದಿನಾ ಬೆಳಗ್ಗೆ 6.30ಕ್ಕೆ 5 ಲೀಟರಿನ ಕ್ಯಾನನ್ನು ಪಕ್ಕದ ಸೀಟಿನ ಮುಂದೆ, ಕಾಲಿಡೋ ಜಾಗದಲ್ಲಿ ಇಡುತ್ತೇನೆ. ಅಲುಗಾಡದ ಹಾಗೆ ಸುತ್ತ ಒಂದು ಹಳೇ ಕಂಬಳಿ ತುರುಕುತ್ತೇನೆ. ಮುಚ್ಚಳದ ಕೆಳಗೆ ಅಮ್ಮ ಬಾಳೆಲೆ ಚೂರು ಇಟ್ಟಿರುತ್ತಾರೆ. ಮನೆಯಿಂದ ಡೇರಿಗೆ 3 ಕಿಲೋಮೀಟರ್ ಮಣ್ಣು ರಸ್ತೆ. ಅಲ್ಲಿ ಹಾಲು ಹಾಕಿ, ಮುಂದೆ 11 ಕಿಲೋಮೀಟರ್ ಟಾರು ರಸ್ತೆ ಹಿಡಿದು ಸಾಗರ. ಅಲ್ಲಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಹತ್ತು ವರ್ಷದಿಂದ ಇದೇ ದಾರಿ, ಇದೇ ಸಣ್ಣ ಕಾರು.

ಕಾರು 90,000 ದಾಟಿದ ಮೇಲೆ ಹಂಪ್ಸ್ ಹಾರಿದಾಗೆಲ್ಲ ಮೂರು ಸಲ ಕುಣಿಯೋಕೆ ಶುರು ಮಾಡಿತು. ಬ್ರೇಕ್ ಒತ್ತಿದರೆ ಮೂಗು ನೆಲಕ್ಕೆ. ಮುಂದಿನ ಎಡ ಶಾಕಿನಿಂದ ಎಣ್ಣೆ ಇಳಿದು ಧೂಳು ಹಿಡಿದು ಕಪ್ಪಗಾಗಿತ್ತು. ಬದಲಾಯಿಸದೆ ಬೇರೆ ದಾರಿ ಇರಲಿಲ್ಲ. ಕಂಪನಿ ಒರಿಜಿನಲ್ ಕೇಳಿದೆ, ಬೆಲೆ ಕೇಳಿ ಸುಮ್ಮನಾದೆ. ಹೊರಗೆ ಸಿಗೋ, ಎಣ್ಣೆ ಜೊತೆ ಗ್ಯಾಸನ್ನೂ ಒತ್ತಿ ತುಂಬಿದ ಗ್ಯಾಸ್ ಶಾಕಿನ ಸೆಟ್ ತರಿಸಿದೆ. ಮುಂದೆ ಎರಡು, ಹಿಂದೆ ಎರಡು, ಮೇಲಿನ ಮೌಂಟ್, ಬಂಪ್ ಸ್ಟಾಪ್, ಮುಂದಿನ ಚಕ್ರವನ್ನು ಕಾರಿನ ಅಡಿಗೆ ಜೋಡಿಸೋ ಎರಡು ಲೋಯರ್ ಆರ್ಮ್, ಕೂಲಿ ಎಲ್ಲಾ ಸೇರಿ 16,400 ರೂಪಾಯಿ. ಮುಂಗಾರಿಗೆ ಮುಂಚೆ ನನ್ನ ಕೈಗೆ ಅದು ಸಣ್ಣ ಮೊತ್ತ ಅಲ್ಲ. 

ಗ್ಯಾರೇಜಿನಿಂದ ಹೊರಗೆ ಬಂದ ಮೊದಲ ಹತ್ತು ನಿಮಿಷ ಖುಷಿಯೋ ಖುಷಿ. ತಿರುವಿನಲ್ಲಿ ವಾಲೋದಿಲ್ಲ. ಹಂಪ್ಸ್ ಮೇಲೆ ಒಂದೇ ಸಲ ಎದ್ದು ಕೂರುತ್ತದೆ. ಆಮೇಲೆ ಮಣ್ಣು ರಸ್ತೆ ಬಂತು.

ಟಕ ಟಕ ಟಕ ಟಕ. ಒಂದೊಂದು ಜಲ್ಲಿಕಲ್ಲೂ ಸ್ಟೇರಿಂಗಿಗೆ ಬಂದು ಹೆಸರು ಹೇಳಿ ಹೋಗುತ್ತಿತ್ತು. ವಿಚಿತ್ರ ಏನೆಂದರೆ ದೊಡ್ಡ ಗುಂಡಿಯಲ್ಲಿ ಅಷ್ಟು ತೊಂದರೆ ಇಲ್ಲ. ಬೆರಳುದ್ದದ ಸಣ್ಣ ಏರುತಗ್ಗು ಬಂದರೆ ಮಾತ್ರ ಹಲ್ಲು ಕಡಿಯೋ ಹಾಗೆ ಆಗುತ್ತದೆ. ಮಾರನೇ ದಿನ ಡೇರಿಯಲ್ಲಿ ಮುಚ್ಚಳ ತೆಗೆದರೆ ಹಾಲಿನ ಮೇಲೆ ನಾಲ್ಕು ಬೆರಳು ನೊರೆ. ಬಾಳೆಲೆ ಚೂರು ಒಳಗೆ ಬಿದ್ದಿತ್ತು. ಅಳತೆ ಮಾಡೋ ಹುಡುಗ ಕೇಳಿದ, "ಕಡೆದುಕೊಂಡು ಬಂದ್ರಾ ಸಾರ್?"

ಗ್ಯಾರೇಜಿಗೆ ಫೋನ್ ಮಾಡಿದೆ. "ಹೊಸದು ಸಾರ್, ಸೆಟ್ ಆಗ್ಬೇಕು. ಒಂದು ಸಾವಿರ ಓಡ್ಸಿ" ಎಂದರು. ಓಡಿಸಿದೆ. ಸಾವಿರ ಆಯಿತು, ಸಾವಿರದ ಐನೂರೂ ಆಯಿತು. ಒಂದು ಭಾನುವಾರ ಅಮ್ಮನನ್ನು ಶಿವಮೊಗ್ಗಕ್ಕೆ, ತಂಗಿ ಮನೆಗೆ ಕರೆದುಕೊಂಡು ಹೋದೆ. ಆನಂದಪುರ ಬರುವಷ್ಟರಲ್ಲಿ ಅವರು ಸೀಟಿನಿಂದ ಅರ್ಧ ಎದ್ದು ಹಿಡಿಕೆ ಹಿಡಿದುಕೊಂಡಿದ್ದರು. ವಾಪಸ್ ಬರುವಾಗ, "ನೀ ಹೋಗು ಮಾರಾಯ, ನಾ ಬಸ್ಸಿಗೆ ಬರ್ತೆ" ಎಂದು ಬಸ್ ಹತ್ತಿಯೇಬಿಟ್ಟರು. ಆ ರಾತ್ರಿ ಈ ಶಾಕಿನ ಬಗ್ಗೆ ಒಂದು ಸ್ಟಾರಿನ ವಿಮರ್ಶೆ ಬರೆದು ಫೋನಿನಲ್ಲಿ ಇಟ್ಟುಕೊಂಡೆ. ಭಾಷೆ ಸ್ವಲ್ಪ ಖಾರ ಇತ್ತು. ಹಾಕದೇ ಇದ್ದದ್ದು ನೆಟ್ವರ್ಕ್ ಇಲ್ಲದ ಕಾರಣಕ್ಕೆ, ಬೇರೇನೂ ಇಲ್ಲ.

ಕೋಪ ಇಳಿದ ಮೇಲೆ ಲೆಕ್ಕ ಬರೆಯೋ ಬುದ್ಧಿ ಎದ್ದಿತು. ನಿನ್ನೆ ತಾಳೆಯಾಗಿದ್ದ ಲೆಕ್ಕ ಇವತ್ತು ತಪ್ಪಿದರೆ ನಡುವೆ ಬರೆದದ್ದನ್ನು ಮಾತ್ರ ನೋಡಬೇಕು, ಅಲ್ವಾ? ಗ್ಯಾರೇಜಿಗೆ ಹೋಗಿ ಬರುವ ನಡುವೆ ಕಾರಿನಲ್ಲಿ ಏನೇನು ಮುಟ್ಟಿದ್ದಾರೆ ಅಂತ ಬಿಲ್ಲಿನ ಹಿಂದೆಯೇ ಬರೆದುಕೊಂಡೆ.

ಮೊದಲು ಸಿಕ್ಕಿದ್ದು ಗಾಳಿ. ಶಾಕ್ ಹಾಕಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಮಾಡಿಸಿದ್ದರು. ಅಲ್ಲಿ ನಾಲ್ಕೂ ಟೈರಿಗೆ ಗಾಳಿ ತುಂಬಿ ಕಳಿಸಿದ್ದರು. ಬೆಳಗ್ಗೆ ಕಾರು ತೆಗೆಯೋ ಮುಂಚೆ, ಟೈರು ತಣ್ಣಗಿರುವಾಗ ಗೇಜ್ ಇಟ್ಟು ನೋಡಿದರೆ 41 ಪಿಎಸ್‌ಐ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕರ್ ಇದೆಯಲ್ಲ, ಅದರಲ್ಲಿ ನನ್ನ ಕಾರಿಗೆ 30. ಟೈರೂ ಒಂದು ಸ್ಪ್ರಿಂಗೇ. ಸಣ್ಣ ಜಲ್ಲಿಯನ್ನು ಮೊದಲು ನುಂಗಬೇಕಾದ್ದು ಅದು. ಗಾಳಿ ಜಾಸ್ತಿ ತುಂಬಿದರೆ ಅದು ನುಂಗದೆ ಹಾಗೇ ಮೇಲಕ್ಕೆ ದಾಟಿಸುತ್ತದೆ. 30ಕ್ಕೆ ಇಳಿಸಿದೆ. ನೊರೆ ನಾಲ್ಕು ಬೆರಳಿನಿಂದ ಮೂರು ಬೆರಳಿಗೆ ಇಳಿಯಿತು. ಇಷ್ಟು ವರ್ಷ ಗೇಜ್ ಇಟ್ಟುಕೊಳ್ಳದೆ ಪೆಟ್ರೋಲ್ ಬಂಕಿನ ಹುಡುಗರನ್ನು ನಂಬಿದ್ದೆ ಅಂತ ನನ್ನನ್ನೇ ಬೈದುಕೊಂಡೆ. ಈಗ ಪ್ರತಿ ಸೋಮವಾರ ಹಲ್ಲುಜ್ಜುತ್ತಾ ಒಂದು ಸುತ್ತು ನೋಡುತ್ತೇನೆ.

ಟೈರಿನ ವಯಸ್ಸೂ ನೋಡಿದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ನನ್ನದರಲ್ಲಿ 3418, ಅಂದರೆ 2018ರ 34ನೇ ವಾರ. ರಬ್ಬರು ಗಟ್ಟಿಯಾಗಿದ್ದು ನಿಜ. ಆದರೆ ಶಾಕ್ ಬದಲಿಸುವ ಹಿಂದಿನ ದಿನವೂ ಇವೇ ಟೈರು ಇದ್ದವು. ಹಾಗಾಗಿ ಅದನ್ನು ಪಟ್ಟಿಯಿಂದ ಹೊಡೆದುಹಾಕಿದೆ.

ಆಮೇಲೆ ಹೊಳೆದದ್ದು ಕಾರು ನಿಲ್ಲುವ ರೀತಿ. ಅಂಗಳದಲ್ಲಿ ನಿಲ್ಲಿಸಿದಾಗ ಮುಂಭಾಗ ಯಾಕೋ ಎದೆ ಉಬ್ಬಿಸಿದ ಹಾಗೆ ಕಾಣುತ್ತಿತ್ತು. ಹೆಂಡತಿಯ ಹೊಲಿಗೆ ಟೇಪ್ ತಂದು ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದೆ. ಸಾಗರದಲ್ಲಿ ನನ್ನದೇ ಮಾಡೆಲ್ ಓಡಿಸುವ ಗೆಳೆಯನ ಕಾರನ್ನೂ ಅಳೆದೆ. ನನ್ನದು ಒಂದೂವರೆ ಸೆಂಟಿಮೀಟರ್ ಎತ್ತರ. ಗ್ಯಾಸ್ ಶಾಕು ಒಳಗಿನ ಒತ್ತಡಕ್ಕೆ ಕಡ್ಡಿಯನ್ನು ಹೊರಗೆ ತಳ್ಳುತ್ತದೆ, ಚೂರು ಎತ್ತರ ಆಗಬಹುದು. ಆದರೆ ಇಷ್ಟಾ?

ಉತ್ತರ ಸಿಕ್ಕಿದ್ದು ಊರಾಚೆ ಒಬ್ಬ ಹಳೇ ಮೇಸ್ತ್ರಿಯ ಹತ್ತಿರ. ಅವರ ಶೆಡ್ಡಿನಲ್ಲಿ ಕಾರನ್ನು ಮೇಲೆತ್ತೋ ಲಿಫ್ಟ್ ಇಲ್ಲ. ನೆಲದಲ್ಲಿ ತೋಡಿದ ಗುಂಡಿ, ಎರಡು ಕಡೆ ಸಿಮೆಂಟು. ನಾನು ಹೇಳಿದ್ದನ್ನೆಲ್ಲ ಬಾಯಲ್ಲಿ ಕವಳ ಇಟ್ಟುಕೊಂಡೇ ಕೇಳಿದರು. ಕಾರಿನ ಮೂಗಿನ ಮೇಲೆ ಎರಡೂ ಕೈ ಊರಿ ಒತ್ತಿದರು. ಉಗುಳಿ ಬಂದು ಕೇಳಿದರು: "ಲಿಫ್ಟ್ ಮೇಲೆ ಕೆಲಸ ಮಾಡಿದ್ದಾ?"

ಹೌದು ಎಂದೆ.

"ಬೋಲ್ಟನ್ನ ಮೆಷಿನ್ ಗನ್ನಿನಲ್ಲಿ ಟೈಟ್ ಮಾಡಿದ್ರಾ?"

ಅದನ್ನೂ ನೋಡಿದ್ದೆ. ಟರ್‌ರ್‌ರ್ ಅಂತ ಸದ್ದು ಬಂದಾಗ, ಅಬ್ಬಾ ಎಷ್ಟು ಬೇಗ ಮುಗಿಸುತ್ತಾರೆ ಅಂತ ಮೆಚ್ಚಿಕೊಂಡಿದ್ದೆ.

ಮೇಸ್ತ್ರಿ ಶೆಲ್ಫಿನಿಂದ, ಲೋಯರ್ ಆರ್ಮಿನ ಕೀಲಿನಲ್ಲಿ ಕೂರೋ ಹಳೇ ಬುಷ್ ಒಂದನ್ನು ತಂದು ನನ್ನ ಕೈಗಿಟ್ಟರು. ಹೊರಗೆ ಕಬ್ಬಿಣದ ಬಳೆ, ಒಳಗೆ ಕಬ್ಬಿಣದ ಕೊಳವೆ, ನಡುವೆ ರಬ್ಬರು. ರಬ್ಬರು ಎರಡಕ್ಕೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದ ಮೇಲೆ ಒಳಗಿನ ಕೊಳವೆ ಅಲ್ಲಾಡೋದಿಲ್ಲ. ಚಕ್ರ ಮೇಲೆ ಕೆಳಗೆ ಹೋದಾಗ ರಬ್ಬರು ಆ ಕಡೆ ಈ ಕಡೆ ತಿರುಚಿಕೊಂಡು ಮತ್ತೆ ನೇರ ಆಗುತ್ತದೆ. "ಚಕ್ರ ನೇತಾಡ್ತಾ ಇರುವಾಗ ಬಿಗಿದ್ರೆ ಏನಾಗ್ತದೆ ಹೇಳು? ಅದಕ್ಕೆ ಆ ನೇತಾಡೋದೇ ನೇರ. ಕಾರು ಕೆಳಗಿಳಿಸಿದ ಕೂಡ್ಲೆ ಒದ್ದೆ ಟವಲ್ ಹಿಂಡಿದ ಹಾಗೆ ತಿರುಚಿಕೊಂಡು ಕೂರ್ತದೆ. ಇಡೀ ದಿನ ಹಾಗೇ. ಸಣ್ಣ ಕಲ್ಲು ಸಿಕ್ಕಿದ್ರೂ ಅದು ಬಿಡ್ಬೇಕಲ್ಲ?"

ನನಗೆ ತಕ್ಷಣ ಎತ್ತರದ ಲೆಕ್ಕವೂ ತಾಳೆಯಾಯಿತು. ತಿರುಚಿದ ರಬ್ಬರು ಇನ್ನೊಂದು ಸ್ಪ್ರಿಂಗಿನ ಹಾಗೆ ಕಾರನ್ನು ಮೇಲೆತ್ತಿ ಹಿಡಿದಿತ್ತು. 

ಅವರು ಮಾಡಿದ್ದು ಇಷ್ಟೇ. ಕಾರನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿದರು. ನಾಲ್ಕೂ ಚಕ್ರ ನೆಲದ ಮೇಲೆ, ಪೂರ್ತಿ ಭಾರ ಚಕ್ರದ ಮೇಲೆ. ಕೆಳಗಿಳಿದು ಎಡಗಡೆ ಲೋಯರ್ ಆರ್ಮಿನ ಅಡ್ಡ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಅದಕ್ಕೆ ಒಂದು ಪೈಪ್ ಸಿಕ್ಕಿಸಿ ಎಳೆದರು. ಬೋಲ್ಟ್ ಸಡಿಲ ಆದದ್ದೇ "ಕ್ರಕ್" ಅಂತ ಸದ್ದು. ಕಾರು ನನ್ನ ಕಣ್ಣೆದುರೇ ಚೂರು ಕೆಳಗೆ ಕೂತಿತು. ಅಡಿಕೆ ಮೂಟೆ ಇಳಿಸಿದ ಹಮಾಲಿಯ ಭುಜ ಇಳಿಯುತ್ತಲ್ಲ, ಥೇಟ್ ಹಾಗೆ. ಬಲಗಡೆಯೂ ಅದೇ. ಹಿಂದಿನ ಶಾಕುಗಳ ಕೆಳಗಿನ ಬೋಲ್ಟೂ ಸಡಿಲಿಸಿದರು, ಅಲ್ಲಿಯೂ ಬುಷ್ ಇರುತ್ತದೆ. ನಾನೂ ಅವರ ಹುಡುಗನೂ ಸೇರಿ ಮುಂದೆ ಹಿಂದೆ ಕಾರನ್ನು ಹತ್ತು ಹತ್ತು ಸಲ ಕುಣಿಸಿದೆವು. ಅದು ತನ್ನ ಜಾಗ ಹುಡುಕಿಕೊಂಡ ಮೇಲೆ ಬಿಗಿ ಎಷ್ಟು ಅಂತ ಅಳೆಯೋ ಟಾರ್ಕ್ ರೆಂಚಿನಲ್ಲಿ ಬಿಗಿದರು. ಟೇಪ್ ಹಿಡಿದರೆ ಒಂದು ಸೆಂಟಿಮೀಟರ್ ಇಳಿದಿತ್ತು.

ಎಡಗಡೆ ಬುಷ್ ಮಾತ್ರ ಆಗಲೇ ಹರಿಯೋಕೆ ಶುರುವಾಗಿತ್ತು. ಟಾರ್ಚ್ ಹಿಡಿದು ತೋರಿಸಿದರು, ಹೊಸ ರಬ್ಬರಿನಲ್ಲಿ ಉಗುರು ಗೀರಿದಷ್ಟು ಬಿರುಕು. ಬರೀ 1,800 ಕಿಲೋಮೀಟರಿಗೆ. ಅದನ್ನು ಪ್ರೆಸ್ ಮಾಡಿ ಬದಲಿಸಿದ್ದಕ್ಕೆ 350, ಉಳಿದ ಕೆಲಸಕ್ಕೆ 400. ಒಟ್ಟು 750 ರೂಪಾಯಿಗೆ ನನ್ನ 16,400 ಸಾರ್ಥಕ ಆಯಿತು.

ಮಾರನೇ ದಿನ ಡೇರಿಯಲ್ಲಿ ಮುಚ್ಚಳ ತೆಗೆದೆ. ಒಂದು ಬೆರಳು ನೊರೆ. ಬಾಳೆಲೆ ಇಟ್ಟ ಜಾಗದಲ್ಲೇ ಇತ್ತು. ಆ ಹುಡುಗನಿಗೆ ತೋರಿಸಿದೆ, ಅವನಿಗೇನೂ ಅರ್ಥ ಆಗಲಿಲ್ಲ.

ಈಗ ಶಾಕಿನ ಬಗ್ಗೆ ನ್ಯಾಯವಾಗಿ ಎರಡು ಮಾತು. 22,000 ಆಯಿತು, ಎರಡು ಮಳೆಗಾಲ ನೋಡಿದೆ. ಎಣ್ಣೆ ಸೋರಿಲ್ಲ. ಮಣ್ಣು ರಸ್ತೆಯ ಅಲೆ ಅಲೆ ಏಣುಗಳ ಮೇಲೆ ಹಳೇ ಶಾಕು ಎರಡನೇ ಕಿಲೋಮೀಟರಿಗೇ ಸೋತು ಕಾರು ತೇಲೋಕೆ ಶುರು ಮಾಡುತ್ತಿತ್ತು. ಅಷ್ಟು ಬೇಗ ಬೇಗ ಮೇಲೆ ಕೆಳಗೆ ಆದಾಗ ಒಳಗಿನ ಎಣ್ಣೆಗೆ ಗಾಳಿ ಸೇರಿ ನೊರೆ ಬರುತ್ತದೆ, ನೊರೆಗೆ ಹಿಡಿತ ಇಲ್ಲ. ಗ್ಯಾಸ್ ಶಾಕಿನಲ್ಲಿ ನೈಟ್ರೋಜನ್ ಒತ್ತಿ ಹಿಡಿದಿರುವುದರಿಂದ ಎಣ್ಣೆ ಅಷ್ಟು ಸುಲಭಕ್ಕೆ ನೊರೆಯಾಗೋದಿಲ್ಲ. ಹಾಲಿಗೂ ಹೀಗೇನಾದರೂ ಮಾಡೋಕೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಆಗಾಗ ಅನಿಸುತ್ತದೆ.

ಒಬ್ಬನೇ ಕೂತಾಗ ಇವು ಇನ್ನೂ ಸ್ವಲ್ಪ ಗಟ್ಟಿಯೇ. ಬೆಂಗಳೂರಿನ ನುಣುಪು ರಸ್ತೆಯಲ್ಲಿ ಒಬ್ಬರೇ ಓಡಾಡುವವರಿಗೆ ಹಿಡಿಸಲಿಕ್ಕಿಲ್ಲ, ಅವರು ಕಾಸು ಜಾಸ್ತಿ ಕೊಟ್ಟು ಒರಿಜಿನಲ್ಲೇ ಹಾಕಿಸಲಿ. ನಾಲ್ಕು ಜನ, ಡಿಕ್ಕಿಯಲ್ಲಿ ಒಂದು ಹಿಂಡಿ ಮೂಟೆ ಇದ್ದರೆ ಮಾತ್ರ ಕಾರು ದೋಣಿಯ ಹಾಗೆ ಹೋಗುತ್ತದೆ. ನನ್ನ ಕಾರು ಹೆಚ್ಚು ಕಮ್ಮಿ ಯಾವಾಗಲೂ ಹಾಗೇ ಇರೋದು.

ಮೊದಲ ಗ್ಯಾರೇಜಿನ ಮೇಲೆ ಸಿಟ್ಟು ಹೋಗಿಲ್ಲ. ತಪ್ಪು ಯಾರಿಂದಲೂ ಆಗುತ್ತದೆ, ಆದರೆ "ಸೆಟ್ ಆಗುತ್ತೆ" ಅಂತ ಕಳಿಸಿದ್ದು ಸರಿಯಲ್ಲ. ಶಾಕು ಹೊಸದರಲ್ಲಿ ಸ್ವಲ್ಪ ಬಿಗಿ ಇರೋದು ಬೇರೆ, ತಿರುಚಿ ಕೂತ ಬುಷ್ ಎಷ್ಟು ಓಡಿಸಿದರೂ ಸೆಟ್ ಆಗೋದಿಲ್ಲ, ಹರಿಯುತ್ತದೆ. ನೀವು ಲೋಯರ್ ಆರ್ಮ್ ಹಾಕಿಸುತ್ತಿದ್ದರೆ ಪಕ್ಕದಲ್ಲೇ ನಿಂತುಕೊಳ್ಳಿ. ಬೋಲ್ಟುಗಳನ್ನು ಲಿಫ್ಟ್ ಮೇಲೆ ಬರೀ ಕೈಬಿಗಿ ಮಾಡಿ, ಕಾರು ಇಳಿಸಿ, ಭಾರ ಬಿದ್ದ ಮೇಲೆ ಕೊನೆಯ ಬಿಗಿ ಕೊಡೋಕೆ ಹೇಳಿ. ಮುಖ ಸಿಂಡರಿಸಿದರೆ ಸಿಂಡರಿಸಲಿ.

ಅಮ್ಮ ಕಳೆದ ತಿಂಗಳು ಶಿವಮೊಗ್ಗಕ್ಕೆ ಕಾರಿನಲ್ಲೇ ಬಂದರು. ಆನಂದಪುರ ದಾಟಿದ್ದು ಗೊತ್ತಾಗಲಿಲ್ಲ, ನಿದ್ದೆ ಹೋಗಿದ್ದರು. ವಾಪಸ್ ಬರುವಾಗ ಮಾತ್ರ ಹಿಂದಿನ ಬಲಗಡೆ ಏನೋ "ಟಕ್" ಅಂತದೆ ನೋಡು ಎಂದರು. ನನಗೆ ಕೇಳಿಸಿಲ್ಲ. ಡಿಕ್ಕಿಯಲ್ಲಿ ಜ್ಯಾಕಿನ ತಿರುಪು ಸಡಿಲ ಇರಬೇಕು, ಭಾನುವಾರ ನೋಡಬೇಕು.