ಇನ್ನೂರು ರೂಪಾಯಿಯೊಳಗಿನ ಕ್ಲಿಕ್ಕರ್: ಎರಡು ಮಳೆಗಾಲದ ನಂತರ

ಕ್ಲಿಕ್ಕರ್ ಕೊಂಡ ಮಾತ್ರಕ್ಕೆ ನಾಯಿ ಹೇಳಿದ ಮಾತು ಕೇಳುತ್ತದೆ ಎಂದು ನಂಬಿರುವವರು ಆ ದುಡ್ಡಿಗೆ ಪನೀರು ತಂದು ನೇರವಾಗಿ ನಾಯಿಗೇ ತಿನ್ನಿಸುವುದು ಮೇಲು. ಇದು ರಿಮೋಟ್ ಅಲ್ಲ. ಒತ್ತಿದರೆ ‘ಟಕ್’ ಎನ್ನುವ ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ಉಕ್ಕಿನ ಪಟ್ಟಿ, ಅಷ್ಟೇ. ನಾಯಿ ಸರಿಯಾದದ್ದನ್ನು ಮಾಡಿದ ಕ್ಷಣಕ್ಕೇ ಒತ್ತಿ, ‘ಇದಕ್ಕೆ ತಿನಿಸು ಬರುತ್ತದೆ’ ಎಂದು ಅದಕ್ಕೆ ಮಾತು ಕೊಡುವ ಸದ್ದು ಇದು. ಆದರೂ ಪುಣೆಯ ಕೋಥರೂಡಿನ ನಮ್ಮ ಮನೆಯಲ್ಲಿ ಬಾಗಿಲ ಪಕ್ಕದ ಮೊಳೆ ಇಂದಿಗೂ ಅದಕ್ಕೇ ಮೀಸಲು.

ನಮ್ಮ ಗಿರ್ಮಿ ಬೀದಿಯಿಂದ ಬಂದ ದೇಶಿ ನಾಯಿ. ಧಾರವಾಡದವರಾದ ನಾವು ಅದಕ್ಕೆ ಕನ್ನಡದಲ್ಲಿ ಹೇಳುತ್ತೇವೆ, ಮನೆಗೆಲಸದ ಮೌಶಿ ಮರಾಠಿಯಲ್ಲಿ, ವಾಚ್‌ಮನ್ ಹಿಂದಿಯಲ್ಲಿ. ‘ಟಕ್’ ಮಾತ್ರ ಯಾರ ಕೈಯಲ್ಲಿದ್ದರೂ ಒಂದೇ; ಅದರಲ್ಲಿ ಸಿಟ್ಟೂ ಇಲ್ಲ, ಮುದ್ದೂ ಇಲ್ಲ. ಮೊದಮೊದಲು ಯಾವ ಕೆಲಸವನ್ನೂ ಹೇಳದೆ ಟಕ್, ಕೂಡಲೇ ಕಡಲೆಕಾಳಿನಷ್ಟು ಪನೀರು. ಮತ್ತೆ ಟಕ್, ಮತ್ತೆ ಪನೀರು. ಸದ್ದು ಕೇಳಿದೊಡನೆ ನಾಯಿಯ ಕಣ್ಣು ನಮ್ಮ ಕೈಯತ್ತ ಹೊರಳಿತೆಂದರೆ ಪಾಠ ಶುರು ಮಾಡಬಹುದು.

ಇದರ ನಿಜವಾದ ಬೆಲೆ ಗೊತ್ತಾದದ್ದು ಲಿಫ್ಟಿನ ಮುಂದೆ. ಬಾಗಿಲು ತೆರೆಯುತ್ತಲೇ ಒಳಗೆ ನುಗ್ಗುವುದು ಗಿರ್ಮಿಯ ಚಾಳಿಯಾಗಿತ್ತು. ಸಾಕುನಾಯಿಗಳಿಗೆ ಲಿಫ್ಟ್ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ, ಸರಿ. ಆದರೆ ಒಳಗೆ ನಿಂತ ಅಜ್ಜಿಯ ಎದೆಬಡಿತಕ್ಕೆ ಮಾರ್ಗಸೂಚಿ ಮದ್ದಲ್ಲ. ಹಾಗಾಗಿ ಲಿಫ್ಟಿನ ಮುಂದೆ ಕೂರುವುದನ್ನು ಕಲಿಸಿದೆವು. ನಾಯಿ ಹಿಂಗಾಲು ಮಡಚಿ ಅಂಡು ನೆಲಕ್ಕೆ ಊರಿದ ಕ್ಷಣಕ್ಕೇ ಟಕ್ ಎನ್ನಿಸಬೇಕು. ತುಸು ತಡವಾದರೂ ಅದು ಆಗಲೇ ಏಳುತ್ತಿರುತ್ತದೆ, ಬಹುಮಾನ ಎದ್ದದ್ದಕ್ಕೆ ಸಲ್ಲುತ್ತದೆ. ಆಮೇಲೆ ಚೀಲದಿಂದ ಪನೀರು ಹುಡುಕಲು ಒಂದೆರಡು ಕ್ಷಣ ಹಿಡಿದರೆ ಅಡ್ಡಿಯಿಲ್ಲ, ಮಾತು ಕೊಟ್ಟಾಗಿದೆ. ನೀರಿನಿಂದ ಮೇಲಕ್ಕೆ ಚಿಮ್ಮಿದ ಡಾಲ್ಫಿನ್ನಿನ ಬಾಯಿಗೆ ಗಾಳಿಯಲ್ಲೇ ಮೀನು ಇಡಲಾಗದು ಎಂದೇ 1960ರ ದಶಕದಲ್ಲಿ ಹವಾಯಿಯ ತರಬೇತುದಾರ್ತಿ ಕರೆನ್ ಪ್ರಯರ್ ಸೀಟಿ ಊದುತ್ತಿದ್ದರು. 1990ರ ದಶಕದಲ್ಲಿ ನಾಯಿ ಸಾಕುವವರ ನಡುವೆ ಕ್ಲಿಕ್ಕರನ್ನು ಜನಪ್ರಿಯಗೊಳಿಸಿದವರಲ್ಲಿ ಅವರೂ ಒಬ್ಬರು. ಕೊಟ್ಟ ಮಾತು ತಪ್ಪುವಂತಿಲ್ಲ ಎಂಬುದು ಇಲ್ಲಿಯೂ ನಿಯಮ: ಟಕ್ ಎಂದಮೇಲೆ ತಿನಿಸು ಬರಲೇಬೇಕು. ಕರೆಯಲೆಂದೋ ಗದರಲೆಂದೋ ಒತ್ತುತ್ತಾ ಹೋದರೆ ಆ ಸದ್ದಿಗೆ ಬೆಲೆ ಉಳಿಯದು. ಮೊಳೆಯನ್ನು ಮಕ್ಕಳ ಕೈಗೆಟುಕದ ಎತ್ತರದಲ್ಲಿ ಹೊಡೆದದ್ದೂ ಇದಕ್ಕೇ.

ದೋಷಗಳೂ ಇವೆ. ಮೊದಲ ಮಳೆಗಾಲದಲ್ಲೇ ಪಟ್ಟಿಗೆ ತುಕ್ಕು ಹಿಡಿದು ‘ಟಕ್’ ಹೋಗಿ ‘ಟುಸ್’ ಆಯಿತು, ಈಗಿರುವುದು ಎರಡನೆಯದು. ಪುಕ್ಕಲು ನಾಯಿಗೆ ಇದರ ಸದ್ದು ಜೋರೇ. ಕಿಸೆಯೊಳಗಿಟ್ಟು ಒತ್ತಬೇಕು, ಇಲ್ಲವೇ ಬಾಲ್ ಪೆನ್ನಿನ ಗುಂಡಿಯೇ ಸಾಕು.

ಪೊಟ್ಟಣದ ಮೇಲೆ ‘ಭಯ ನಿವಾರಣೆ’ ಎಂದು ಬರೆದಿರುವುದು ಮಾತ್ರ ಶುದ್ಧ ಬುರುಡೆ. ಗಣೇಶ ಚತುರ್ಥಿಗೆ ವಾರಗಳು ಇರುವಾಗಲೇ ಮುಠಾ ನದಿಯ ದಂಡೆಯಲ್ಲಿ ಢೋಲ್-ತಾಶಾ ತಂಡಗಳ ತಾಲೀಮು ಶುರುವಾಗುತ್ತದೆ. ಆಗ ಗಿರ್ಮಿ ನಿದ್ದೆಯಿಲ್ಲದೆಯೂ ಆಕಳಿಸುತ್ತದೆ, ಮೂತಿ ನೆಕ್ಕಿಕೊಳ್ಳುತ್ತದೆ, ಮುಖ ಅತ್ತ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತದೆ. ಅದು ಸೋಮಾರಿತನವೂ ಅಲ್ಲ, ಹಟವೂ ಅಲ್ಲ, ಹೆದರಿಕೆ. ಪನೀರನ್ನೇ ಮೂಸದ ನಾಯಿಗೆ ಟಕ್ ಎಂದು ಏನು ಪ್ರಯೋಜನ? ಕಿಟಕಿ ಮುಚ್ಚಿ, ಫ್ಯಾನ್ ಜೋರು ಮಾಡಿ, ಮಂಚದ ಕೆಳಗೆ ಅದರ ಪಾಡಿಗೆ ಬಿಡುತ್ತೇವೆ. ಡೋಲು ದೂರದಲ್ಲಿ ಸಣ್ಣಗೆ ಕೇಳುವ ದಿನ ಮಾತ್ರ ತಿನಿಸು ಕೊಟ್ಟು ಆ ಸದ್ದನ್ನು ಅಭ್ಯಾಸ ಮಾಡಿಸುತ್ತೇವೆ. ಇದಕ್ಕೆ ಕ್ಲಿಕ್ಕರ್ ಬೇಕಿಲ್ಲ, ತಾಳ್ಮೆ ಬೇಕು.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಳೆದ ಒಂದು ತುಕ್ಕಿನ ಲೆಕ್ಕಕ್ಕೆ. ಲಿಫ್ಟಿನ ಮುಂದೆ ಈಗ ಡಬ್ಬಿ ಬೇಕಾಗುವುದಿಲ್ಲ, ‘ಕೂತ್ಕೊ’ ಎಂದರೆ ಸಾಕು. ಕಲಿತ ಮೇಲೂ ಜೀವನವಿಡೀ ಟಕ್‌ಟಕ್ ಎನ್ನಿಸುತ್ತಿರಬೇಕಿಲ್ಲ. ಸದ್ಯ ಉಗುರು ಕತ್ತರಿಸುವ ಪಾಠ ನಡೆದಿದೆ: ಮುಂಗಾಲುಗಳು ಒಪ್ಪಿವೆ, ಹಿಂಗಾಲುಗಳ ಚೌಕಾಸಿ ಇನ್ನೂ ಮುಗಿದಿಲ್ಲ.