ತೀನ್ ಕಂದೀಲ್ ಹತ್ತಿರದ ಇಂಗ್ಲಿಷ್ ಕ್ಲಾಸು: ಮೂರು ತಿಂಗಳು ಹೋದವಳ ಮಾತು

ನಾನು ಮಾನ್ವಿ ಕಡೆಯವಳು, ಹತ್ತನೇತನಕ ಕನ್ನಡ ಮಾಧ್ಯಮ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಸೇರಿದಾಗ ಅನಾಟಮಿ ಪುಸ್ತಕದ ಒಂದು ಪುಟಕ್ಕೆ ಒಂದು ತಾಸು ಹಿಡೀತಿತ್ತು. ರಾಯಚೂರಿನಲ್ಲಿ ನರ್ಸಿಂಗ್ ಓದುವವರಿಗಂತಲೇ ನಡೆಯುವ ಈ ಸಂಜೆ ಕ್ಲಾಸಿಗೆ ಹೋಗಿದ್ದು ಅದಕ್ಕೇ.

ಮೊದಲ ವಾರ ಮೇಡಂ ಡಿಕ್ಷನರಿ ಮುಟ್ಟಗೊಡಲಿಲ್ಲ. "ಇಡೀ ಶಬ್ದ ನುಂಗಬ್ಯಾಡ್ರಿ, ಮುರದು ನೋಡ್ರಿ" ಅಂದರು. 'ಹೈಪೊ' ಕಡಿಮೆ, 'ಗ್ಲೈಸ್' ಸಕ್ಕರೆ, 'ಈಮಿಯಾ' ರಕ್ತದಲ್ಲಿ ಇರುವುದು. ಹೈಪೊಗ್ಲೈಸೀಮಿಯಾ ಬಿಡಿಸಿದ ಕಡಲೆಕಾಯಿ ಆಯ್ತು! 'ಐಟಿಸ್' ಬಂದರೆ ಉರಿಯೂತ, 'ಎಕ್ಟಮಿ' ಬಂದರೆ ಕೊಯ್ದು ತೆಗೆದದ್ದು. ಪಾಠ ಓದುವ ಮೊದಲು ತಲೆಬರಹ, ಚಿತ್ರ, ಕೊನೆಯ ಪ್ರಶ್ನೆಗಳ ಮೇಲೆ ಕಣ್ಣಾಡಿಸುವುದನ್ನೂ ಕಲಿಸಿದರು. ಔಷಧದ ಚಾರ್ಟಿಗೆ ಮಾತ್ರ ಬೇರೆ ಪದ್ಧತಿ: ಬೇಕಾದ್ದನ್ನು ಬೇಗ ಹುಡುಕು, ಸಿಕ್ಕ ಮೇಲೆ ಎರಡು ಸಲ ನಿಧಾನ ಓದು. ಮಿಲಿಗ್ರಾಂ ಮೈಕ್ರೋಗ್ರಾಂ ನಡುವೆ 1000 ಪಟ್ಟು ಅಂತರ, ಅವಸರ ಮಾಡಿದರೆ ರೋಗಿಯ ಜೀವಕ್ಕೇ ಕುತ್ತು.

ಒಇಟಿ (ವಿದೇಶಕ್ಕೆ ಹೋಗುವ ನರ್ಸ್, ಡಾಕ್ಟರುಗಳಿಗೆ ಇರುವ ಇಂಗ್ಲಿಷ್ ಪರೀಕ್ಷೆ) ತಯಾರಿ ಅಂತ ಬೋರ್ಡಿನಲ್ಲಿ ಬರೆದದ್ದನ್ನು ನಂಬಬೇಡಿ. ಆ ಪರೀಕ್ಷೆಯ ಓದಿನ ವಿಭಾಗದ ಮೊದಲ ಭಾಗದಲ್ಲಿ 15 ನಿಮಿಷಕ್ಕೆ 20 ಪ್ರಶ್ನೆ. ಗಡಿಯಾರ ಇಟ್ಟು ಅಭ್ಯಾಸ ಮಾಡಿಸಿದ್ದು ಎರಡೇ ಸಲ. ಝೆರಾಕ್ಸ್ ದುಡ್ಡು ಬೇರೆ ಕೇಳ್ತಾರೆ. ಒಂದೇ ಫ್ಯಾನು, ಅದೂ ಮೇಡಂ ತಲೆ ಮೇಲೆ. ರಾಯಚೂರಿನ ಬ್ಯಾಸಿಗಿ ಗೊತ್ತಲ್ಲ.

ಮೊದಲ ವರ್ಷದವರು ಸೇರಿಕೊಳ್ಳಿ. ವಿದೇಶಕ್ಕೆ ಹೊರಟವರು ಬೇರೆ ಕಡೆ ವಿಚಾರಿಸಿ.